ಕೆಲಸವಿಲ್ಲದ ಕಂಪ್ಯೂಟರಿಗೆ ಇಷ್ಟು ಕರೆಂಟ್ ಏಕೆ?

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ದಾವಣಗೆರೆಯ ಡಿಟಿಪಿ ಅಂಗಡಿ, ಕಾಲೇಜು ಲ್ಯಾಬ್, ಸಣ್ಣಪುಟ್ಟ ಆಫೀಸುಗಳಲ್ಲಿರುವ ಹಳೆಯ ಡೆಸ್ಕ್‌ಟಾಪ್‌ಗಳನ್ನು ಗುಜರಿಗೆ ಹಾಕುವ ಬದಲು, ವಿಂಡೋಸ್ ಜಾಗದಲ್ಲಿ ಉಚಿತ ಕಾರ್ಯಾಚರಣೆ ವ್ಯವಸ್ಥೆಯಾದ ಲಿನಕ್ಸ್ ಹಾಕಿಸುವುದು ಒಳ್ಳೆಯ ದಾರಿ. ಆದರೆ ಹಾಕಿ ಕೊಡುವವರು ಪ್ರಿಂಟರ್ ನಡೆಯಿತೇ, ಕನ್ನಡ ಟೈಪ್ ಆಯಿತೇ ಎಂದಷ್ಟೇ ನೋಡಿ ಹೊರಡುತ್ತಾರೆ. ಯಂತ್ರ ಸುಮ್ಮನಿರುವಾಗ ಎಷ್ಟು ವ್ಯಾಟ್ ಎಳೆಯುತ್ತದೆ ಎಂದು ಅಳೆಯುವುದಿಲ್ಲ. ಅದನ್ನು ಅಳೆಯಲೇಬೇಕು ಎಂದು ಒತ್ತಾಯಿಸಲು ಈ ಪತ್ರ.

ಟೈಪ್ ಮಾಡುವವರ ಕೈ ಎಷ್ಟೇ ಚುರುಕಾಗಿರಲಿ, ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಪ್ರೊಸೆಸರ್‌ಗೆ ಹೆಚ್ಚಿನ ಕೆಲಸವಿರುವುದಿಲ್ಲ. ಆ ಬಿಡುವಿನಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಅದನ್ನು ಸಿ-ಸ್ಟೇಟ್ ಎಂಬ ನಿದ್ರೆಯ ಹಂತಗಳಿಗೆ ಇಳಿಸುತ್ತದೆ. ಸಿ1ರಲ್ಲಿ ಕೋರ್‌ನ ಗಡಿಯಾರ ಮಾತ್ರ ನಿಲ್ಲುತ್ತದೆ, ಸಿ6ರಲ್ಲಿ ಕೋರ್‌ಗೆ ಹೋಗುವ ವಿದ್ಯುತ್ತೇ ಕಡಿತವಾಗುತ್ತದೆ. ಮೊದಲೆಲ್ಲ ಕೆಲಸವಿರಲಿ ಬಿಡಲಿ, ಕರ್ನಲ್ ಸೆಕೆಂಡಿಗೆ 100, 250 ಅಥವಾ 1000 ಸಲ ಪ್ರೊಸೆಸರನ್ನು ಎಬ್ಬಿಸುತ್ತಿತ್ತು. 2007ರಲ್ಲಿ ಬಂದ 2.6.21 ಆವೃತ್ತಿಯಿಂದ ಬಿಡುವಿನಲ್ಲಿ ಹೀಗೆ ಎಬ್ಬಿಸುವ ಟಿಕ್ ನಿಲ್ಲಿಸುವ ಅನುಕೂಲ ಬಂತು. ಈಗಿನ ಉಬುಂಟು, ಡೆಬಿಯನ್, ಫೆಡೋರಾ ಎಂಬ ಲಿನಕ್ಸ್ ಬಗೆಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ. ಹಾಗಾಗಿ ಕರೆಂಟ್ ಉಳಿಸಲೆಂದು ಕರ್ನಲ್ಲನ್ನು ಹೊಸದಾಗಿ ಕಂಪೈಲ್ ಮಾಡುತ್ತಾ ಕೂರಬೇಕಿಲ್ಲ. ಇರುವ ಅನುಕೂಲಕ್ಕೆ ಅಡ್ಡ ಬಂದಿರುವುದು ಯಾವುದು ಎಂದು ಹುಡುಕಿದರೆ ಸಾಕು.

ಮೊದಲು ಅಳತೆ. ಗೋಡೆಯ ಸಾಕೆಟ್‌ಗೂ ಕ್ಯಾಬಿನೆಟ್‌ನ ಪವರ್ ಕಾರ್ಡ್‌ಗೂ ನಡುವೆ ಹಾಕುವ ವ್ಯಾಟ್ ಮೀಟರ್ ಬೇಕು. ಮಾನಿಟರ್ ಬೇರೆ ಸಾಕೆಟ್‌ನಲ್ಲಿರಲಿ. ಲಾಗಿನ್ ಆಗಿ, ಅಪ್‌ಡೇಟ್ ಹುಡುಕಾಟವೆಲ್ಲ ಮುಗಿಯಲು 10 ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ವಿದ್ಯುತ್ ಬಳಕೆ ತೋರಿಸುವ ‘ಪವರ್‌ಟಾಪ್’ ತಂತ್ರಾಂಶವನ್ನು ಸೂಡೊ (ಅಡ್ಮಿನ್ ಅಧಿಕಾರ) ಕೊಟ್ಟು ತೆರೆಯಿರಿ. ಅದರ ‘ಐಡಲ್ ಸ್ಟ್ಯಾಟ್ಸ್’ ಪುಟದಲ್ಲಿ ಯಾವ ಹಂತದಲ್ಲಿ ಶೇಕಡಾ ಎಷ್ಟು ಹೊತ್ತು ಕಳೆಯಿತು ಎಂಬುದು ಕಾಣುತ್ತದೆ. ಯಂತ್ರ ಸುಮ್ಮನಿದ್ದರೂ ಸಿ6ರಂಥ ಆಳದ ಹಂತಗಳ ಎದುರು ಸೊನ್ನೆ ಇದ್ದರೆ ಅಥವಾ ಆ ಹಂತಗಳೇ ಪಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲೋ ತಡೆ ಇದೆ ಎಂದರ್ಥ.

ಬಹಳ ಸಲ ಆ ತಡೆ ಬಯೋಸ್‌ನಲ್ಲೇ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಇರುತ್ತದೆ: ಸಿ-ಸ್ಟೇಟ್ ಆಫ್ ಆಗಿರುತ್ತದೆ. ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿದ್ದರೆ, ರಾತ್ರಿ ಮೇನ್ ಸ್ವಿಚ್ ಆರಿಸಿದಾಗಲೆಲ್ಲ ಸೆಟ್ಟಿಂಗ್ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ಮೊದಲು ಸೆಲ್ ಬದಲಿಸಿ, ನಂತರ ಸಿ-ಸ್ಟೇಟ್ ಆನ್ ಮಾಡಿ. ಇಲ್ಲಿ ಒಂದು ಎಚ್ಚರಿಕೆ: 2013ರ ಇಂಟೆಲ್ ಹ್ಯಾಸ್ವೆಲ್ ಪೀಳಿಗೆಯಿಂದೀಚೆಗೆ ಪ್ರೊಸೆಸರ್ ನಿದ್ರೆಯಲ್ಲಿ ಎಳೆಯುವ ಕರೆಂಟ್ ಎಷ್ಟು ಕಡಿಮೆಯೆಂದರೆ, ಕ್ಯಾಬಿನೆಟ್‌ನೊಳಗೆ ವಿದ್ಯುತ್ ಪೂರೈಸುವ ಹಳೆಯ ಎಸ್‌ಎಂಪಿಎಸ್‌ಗಳು ಅದನ್ನು ತಾಳಲಾರದೆ ಆಫ್ ಆಗಬಹುದು. ಸುಮ್ಮನಿದ್ದ ಯಂತ್ರ ತಾನೇ ಆರಿದರೆ ಕರ್ನಲ್ಲನ್ನು ಬೈಯುವ ಮೊದಲು ಎಸ್‌ಎಂಪಿಎಸ್ ಬದಲಿಸಿ ನೋಡಿ.

ಇನ್ನೊಂದು ತಡೆ ಬೂಟ್ ಸಾಲಿನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳಲ್ಲಿ, ಅಡಗಿರುತ್ತದೆ. ಇಂಟೆಲ್‌ನ ಬೇ ಟ್ರೇಲ್ ಚಿಪ್‌ಗಳು ಲಿನಕ್ಸ್‌ನಲ್ಲಿ ಹ್ಯಾಂಗ್ ಆಗುತ್ತಿದ್ದುದಕ್ಕೆ ‘ಮ್ಯಾಕ್ಸ್ ಸಿ-ಸ್ಟೇಟ್ 1’ (ಸಿ1ಕ್ಕಿಂತ ಆಳಕ್ಕೆ ಇಳಿಯಬೇಡ) ಎಂಬ ಸೂಚನೆ ಕೊಡುವುದು ರೂಢಿಯಾಯಿತು. ಅದನ್ನೇ ನೋಡಿಕೊಂಡು ಎಲ್ಲ ಯಂತ್ರಗಳಿಗೂ ಬರೆದಿಡುವವರಿದ್ದಾರೆ. ‘ಐಡಲ್ ಪೋಲ್’ ಎಂದು ಬರೆದಿದ್ದರಂತೂ ಪ್ರೊಸೆಸರ್ ಕಣ್ಣೇ ಮುಚ್ಚುವುದಿಲ್ಲ. ಬೇ ಟ್ರೇಲ್ ಬೋರ್ಡ್‌ನಲ್ಲಿ ಆ ಸಾಲು ಇರಲಿ. ಬೇರೆಡೆ, ಬೂಟ್ ಸಾಲು ಬರೆದಿರುವ ಗ್ರಬ್ ಫೈಲಿನಿಂದ ತೆಗೆಯಿರಿ. ಉಬುಂಟು, ಡೆಬಿಯನ್‌ಗಳಲ್ಲಿ ‘ಅಪ್‌ಡೇಟ್-ಗ್ರಬ್’ ಕಮಾಂಡ್ ಕೊಡದೆ ರೀಬೂಟ್ ಮಾಡಿದರೆ ತೆಗೆದದ್ದು ಲೆಕ್ಕಕ್ಕೆ ಬರುವುದಿಲ್ಲ.

ಪ್ರೊಸೆಸರ್‌ನ ವೇಗ ನಿರ್ಧರಿಸುವ ‘ಗವರ್ನರ್’ ವಿಷಯದಲ್ಲಿ ಗೊಂದಲ ಜಾಸ್ತಿ. ಇಂಟೆಲ್ ಪಿ-ಸ್ಟೇಟ್ ಡ್ರೈವರ್‌ನಲ್ಲಿ ‘ಪವರ್‌ಸೇವ್’ ಆರಿಸಿದರೂ ಕೆಲಸ ಬಂದಾಗ ವೇಗ ಏರುತ್ತದೆ, ಅದೇ ಸರಿಯಾದ ಆಯ್ಕೆ. ಹಳೆಯ ಎಸಿಪಿಐ ಡ್ರೈವರ್‌ನಲ್ಲಿ ಅದೇ ಹೆಸರಿನ ಆಯ್ಕೆ ಪ್ರೊಸೆಸರನ್ನು ತೀರಾ ಕೆಳಗಿನ ವೇಗಕ್ಕೆ ಕಟ್ಟಿಹಾಕುತ್ತದೆ. ಪಿಡಿಎಫ್ ತೆರೆಯಲೂ ತಿಣುಕಾಟ. ಅಲ್ಲಿ ‘ಸ್ಕೆಡ್‌ಯುಟಿಲ್’ ಇಲ್ಲವೇ ‘ಆನ್‌ಡಿಮ್ಯಾಂಡ್’ ಇಡಿ. ಯಾವ ಡ್ರೈವರ್ ಇದೆಯೆಂದು ‘ಸಿಪಿಯುಪವರ್’ ಕಮಾಂಡ್ ತೋರಿಸುತ್ತದೆ.

ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಲಿಂಕ್‌ಗೆ ‘ಮೆಡ್ ಪವರ್ ವಿತ್ ಡಿಪ್‌ಎಮ್’ ಎಂಬ ಉಳಿತಾಯದ ಆಯ್ಕೆ ಸಾಕು. ‘ಮಿನ್ ಪವರ್’ ಹಾಕಿದರೆ ಕೆಲವು ಎಸ್‌ಎಸ್‌ಡಿಗಳಲ್ಲಿ ದತ್ತಾಂಶವೇ ಕೆಡುವ ಅಪಾಯವಿದೆ. ಒಂದೆರಡು ವ್ಯಾಟ್‌ಗಾಗಿ ಅಂಗಡಿಯ ಲೆಕ್ಕಪತ್ರ ಪಣಕ್ಕಿಡಬೇಡಿ. ಪವರ್‌ಟಾಪ್‌ನ ‘ಆಟೋ ಟ್ಯೂನ್’ ಎಲ್ಲ ಯುಎಸ್‌ಬಿ ಸಾಧನಗಳನ್ನೂ ಮಲಗಿಸುತ್ತದೆ. 2 ಸೆಕೆಂಡ್ ಮುಟ್ಟದಿದ್ದರೆ ಮೌಸ್ ನಿದ್ರೆಗೆ ಜಾರಿ, ಮೊದಲ ಕ್ಲಿಕ್ ಕಳೆದುಹೋಗಬಹುದು. ಕೀಬೋರ್ಡ್, ಮೌಸ್, ಬೆರಳ ಗುರುತು ಓದುವ ಸಾಧನ ಇವಿಷ್ಟನ್ನು ಹೊರಗಿಡಿ. ರೀಬೂಟ್ ಆದರೆ ಈ ಟ್ಯೂನಿಂಗ್ ಅಳಿಸಿಹೋಗುವುದರಿಂದ, ಪ್ರತಿ ಬೂಟ್‌ನಲ್ಲೂ ತಾನೇ ನಡೆಯುವ ಸಿಸ್ಟಮ್‌ಡಿ ಸರ್ವಿಸ್ ಆಗಿ ಬರೆದಿಡಬೇಕು. ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಹಳೆಯ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿಡಿ.

ಊಟದ ಹೊತ್ತಿಗೆ ಸಸ್ಪೆಂಡ್ ಮಾಡಲು (ತೆರೆದ ಕೆಲಸ ಹಾಗೇ ಇಟ್ಟು ಯಂತ್ರ ಮಲಗಿಸಲು) ನಮ್ಮಲ್ಲಿ ಹಿಂಜರಿಯುವುದು ಕರೆಂಟ್ ಹೋದೀತೆಂದು. ಹಿಂಜರಿಕೆ ನ್ಯಾಯವೇ; ಯುಪಿಎಸ್ ಬ್ಯಾಟರಿ ಮುಗಿದರೆ ರ‍್ಯಾಮ್‌ನಲ್ಲಿದ್ದದ್ದು ಹೋಯಿತು. ಇದಕ್ಕೆ ಹೈಬ್ರಿಡ್ ಸ್ಲೀಪ್ ಇದೆ: ರ‍್ಯಾಮ್‌ನ ಪ್ರತಿಯನ್ನು ಡಿಸ್ಕ್‌ಗೂ ಬರೆದು ಮಲಗುತ್ತದೆ. 8 ಜಿಬಿ ರ‍್ಯಾಮ್‌ಗೆ ಕನಿಷ್ಠ 8 ಜಿಬಿ ಸ್ವಾಪ್ (ಆ ಪ್ರತಿಗೆ ಡಿಸ್ಕ್‌ನಲ್ಲಿ ಮೀಸಲಿಡುವ ಜಾಗ) ಇಡಿ, ಬೂಟ್ ಸಾಲಿನಲ್ಲಿ ‘ರೆಸ್ಯೂಮ್’ ಎಂದು ಆ ಸ್ವಾಪ್‌ನ ಗುರುತು ಕೊಡಿ. ಅದಿಲ್ಲದಿದ್ದರೆ ಕರೆಂಟ್ ಬಂದ ಮೇಲೆ ಯಂತ್ರ ಹೊಸದಾಗಿ ಬೂಟ್ ಆಗಿ ಕೆಲಸ ಮಾಯವಾಗುತ್ತದೆ.

ವಿಂಡೋಸ್ 11 ಇರುವವರು ಅಡ್ಮಿನ್ ಆಗಿ ‘ಪವರ್‌ಸಿಎಫ್‌ಜಿ’ ಕಮಾಂಡ್‌ನ ಎನರ್ಜಿ ವರದಿ ತೆಗೆಯಲಿ. 60 ಸೆಕೆಂಡ್‌ನಲ್ಲಿ ನಿದ್ರೆ ಕೆಡಿಸುವ ಡ್ರೈವರ್‌ಗಳ ಪಟ್ಟಿ ಸಿಗುತ್ತದೆ.

ಒಂದು ಯಂತ್ರಕ್ಕೆ 15 ವ್ಯಾಟ್ ಉಳಿದರೂ, ದಿನಕ್ಕೆ 8 ಗಂಟೆ ನಡೆಯುವ 30 ಯಂತ್ರಗಳ ಲ್ಯಾಬ್‌ನಲ್ಲಿ ದಿನಕ್ಕೆ 3.6 ಯೂನಿಟ್, 25 ದಿನದ ತಿಂಗಳಿಗೆ 90 ಯೂನಿಟ್. ಅಷ್ಟೇ ಶಾಖವೂ ಕೋಣೆಯಲ್ಲಿ ಕಡಿಮೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಸಣ್ಣ ಮಾತಲ್ಲ. ಕಾಲೇಜುಗಳ ಪ್ರಾಂಶುಪಾಲರಲ್ಲಿ, ಕಚೇರಿಗಳ ಮುಖ್ಯಸ್ಥರಲ್ಲಿ ನಮ್ಮ ವಿನಂತಿ ಇಷ್ಟೆ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಒಂದು ಷರತ್ತು ಸೇರಿಸಿ: ಯಂತ್ರ ಒಪ್ಪಿಸುವಾಗ ಸುಮ್ಮನಿರುವ ಸ್ಥಿತಿಯ ವ್ಯಾಟ್ ಮತ್ತು ಅಳೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್‌ಗೆ ಅಂಟಿಸಬೇಕು, ಮುಂದಿನ ಸರ್ವಿಸ್‌ನಲ್ಲಿ ಅದು 5 ವ್ಯಾಟ್‌ಗಿಂತ ಹೆಚ್ಚು ಏರಿದ್ದರೆ ಕಾರಣ ಹುಡುಕಿ ಸರಿಪಡಿಸಿದ ಮೇಲೆಯೇ ಬಿಲ್ ಪಾಸ್ ಮಾಡಬೇಕು.

– ಕಂಪ್ಯೂಟರ್ ಸರ್ವಿಸ್ ತಂತ್ರಜ್ಞರು, ದಾವಣಗೆರೆ