ಮಂಜುವಿನ ನೋಟಿಸ್ ವಿಚಾರ

ಪಿಟ್ಸ್‌ಬರ್ಗ್, ಅಮೆರಿಕ

ಅಮ್ಮಾ,

ನಿನಗೂ ಅಪ್ಪನಿಗೂ ನಮಸ್ಕಾರ. ನಾವೆಲ್ಲ ಆರಾಮ. ಚಳಿ ಶುರುವಾಗಿದೆ, ಅಷ್ಟೇ.

ನಿನ್ನ ಕಾಗದ ಬಂತು. ಮಂಜು ಯೂನಿಯನ್ ಸೇರಿದ, ಫ್ಯಾಕ್ಟರಿಯವರು ಶೋಕಾಸ್ ನೋಟಿಸ್ ಕೊಟ್ಟರು, ನೀನಾದರೂ ಅವನಿಗೆ ಬುದ್ಧಿ ಹೇಳು ಅಂತ ಬರೆದಿದ್ದೀಯ. ಯೂನಿಯನ್ ಬಿಡು ಅಂತ ನಾನು ಹೇಳುವುದಿಲ್ಲ ಅಮ್ಮಾ. ಕೋಪ ಮಾಡಿಕೊಳ್ಳಬೇಡ, ಪೂರ್ತಿ ಓದು.

ಇಲ್ಲೇ ಹತ್ತಿರ ನದಿ ದಂಡೆಯಲ್ಲಿ ಹೋಮ್‌ಸ್ಟೆಡ್ ಅಂತ ಊರಿದೆ. ಕಾರ್ನೆಗಿ ಸಾಹುಕಾರನ ಉಕ್ಕಿನ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಅಂಗಡಿ, ಸಿನಿಮಾ ಥಿಯೇಟರ್. 12 ಹಳೇ ಇಟ್ಟಿಗೆ ಚಿಮಣಿಗಳು ಮಾತ್ರ ಸಾಲಾಗಿ ನಿಂತಿವೆ. 1892ರಲ್ಲಿ ಅವನ ಪಾಲುದಾರ ಫ್ರಿಕ್ ಸಂಬಳ ಇಳಿಸಲು ಹೊರಟ. ಯೂನಿಯನ್ ಒಪ್ಪಲಿಲ್ಲ. ಕಾರ್ಖಾನೆ ಸುತ್ತ ಎತ್ತರದ ಬೇಲಿ ಕಟ್ಟಿಸಿ, ಮೇಲೆ ಮುಳ್ಳುತಂತಿ ಎಳೆಸಿ, ಕೆಲಸಗಾರರನ್ನು ಹೊರಗೇ ನಿಲ್ಲಿಸಿದ. ಜುಲೈ 6ರ ನಸುಕಿನಲ್ಲಿ ಪಿಂಕರ್ಟನ್ ಕಂಪನಿಯ ಸುಮಾರು 300 ಬಾಡಿಗೆ ಬಂದೂಕಿನವರು ದೋಣಿಗಳಲ್ಲಿ ಬಂದರು. ಹೆಂಗಸರು, ಮಕ್ಕಳು ಸಮೇತ ಊರೇ ದಡಕ್ಕೆ ಓಡಿತು. ದಿನವಿಡೀ ಗುಂಡು ಹಾರಿದವು, ಎರಡೂ ಕಡೆ ಜನ ಸತ್ತರು. ದೋಣಿ ಬಂದ ಜಾಗದ ಪಂಪ್‌ಹೌಸ್ ಈಗಲೂ ಇದೆ. ಅದರ ಗೋಡೆ ಮುಟ್ಟಿದಾಗ ಮಂಜುವೇ ಕಣ್ಣ ಮುಂದೆ ಬಂದ.

ಆಮೇಲೆ ಗವರ್ನರ್ 8,000ಕ್ಕೂ ಜಾಸ್ತಿ ಸೈನಿಕರನ್ನು ಕಳಿಸಿದ. ನವೆಂಬರ್‌ಗೆ ಮುಷ್ಕರ ಮುರಿಯಿತು. ಮುಂದೆ ನಿಂತವರಿಗೆ ಬೇರೆ ಕಡೆಯೂ ಕೆಲಸ ಸಿಗದ ಹಾಗೆ ಮಾಡಿದರು. ದಿನಕ್ಕೆ 12 ಗಂಟೆ ದುಡಿತ ತಪ್ಪಿದ್ದು 1923ರಲ್ಲಿ. ಕಾರ್ನೆಗಿ ಅಲ್ಲೇ ದೊಡ್ಡ ಲೈಬ್ರರಿ ಕಟ್ಟಿಸಿಕೊಟ್ಟ. ಅಷ್ಟು ದುಡಿದು ಬಂದವನು ಓದುವುದು ಯಾವಾಗ, ಅಲ್ವಾ?

ಆದರೂ ಜನ ಬಿಡಲಿಲ್ಲ. ಯೂನಿಯನ್ ಸೇರಿದ್ದಕ್ಕೆ ಕೆಲಸದಿಂದ ತೆಗೆಯಬಾರದು ಅಂತ 1935ರಲ್ಲಿ ಕಾನೂನು ಬಂತು. 1937ರಲ್ಲಿ ಆ ಕಾರ್ಖಾನೆಯ ಕಂಪನಿಯೂ ಯೂನಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಇನ್ನೊಂದು ವಿಚಿತ್ರ ಕೇಳು: ಮೇ 1ರ ಕಾರ್ಮಿಕ ದಿನಕ್ಕೆ ಮೂಲ ಇವರದೇ ಚಿಕಾಗೊ, ಇಲ್ಲಿ ಮಾತ್ರ ಆ ದಿನ ರಜೆ ಇಲ್ಲ! ಇವರ ರಜೆ ಸೆಪ್ಟೆಂಬರ್‌ನಲ್ಲಿ.

ನಮ್ಮಲ್ಲೂ ಯೂನಿಯನ್ ಸೇರಿದ್ದಕ್ಕೆ ಕೆಲಸ ಕಿತ್ತುಕೊಳ್ಳುವುದು ಕಾನೂನಿಗೆ ವಿರುದ್ಧ. ಮಂಜುವಿಗೆ ಹೇಳು: ನೋಟಿಸಿಗೆ ಗಡುವಿನೊಳಗೆ ಬರವಣಿಗೆಯಲ್ಲೇ ಉತ್ತರ ಕೊಡಲಿ, ವಕೀಲರಿಗೆ ತೋರಿಸಲಿ, ಒಂದು ನಕಲು ಇಟ್ಟುಕೊಳ್ಳಲಿ. ಖಾಲಿ ಕಾಗದಕ್ಕೆ ಸಹಿ ಹಾಕುವುದು ಬೇಡವೇ ಬೇಡ. ಮನೆ ಸಾಲದ ಕಂತು ನಾನು ಕಟ್ಟುತ್ತೇನೆ. ಏನೂ ಆಗುವುದಿಲ್ಲ ಅಮ್ಮಾ, ಖಂಡಿತ ಏನೂ ಆಗುವುದಿಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡ.

ಕೆಲಸಕ್ಕೆ ಹೊತ್ತಾಯಿತು. ಅಪ್ಪನ ಬಿಪಿ ಮಾತ್ರೆ ತಪ್ಪಿಸಬೇಡ. ಭಾನುವಾರ ಫೋನ್ ಮಾಡುತ್ತೇನೆ, ಮಂಜು ಮನೆಯಲ್ಲಿರಲಿ.

ಇಂತಿ,
ಸುಧಾ