ಸ್ಕ್ಯಾನ್ ಮಾಡಿ, ಆದ್ರೆ ರಿಜಿಸ್ಟರ್ ಬಿಸಾಕಬೇಡಿ

ಮಾನ್ಯ ಸಂಪಾದಕರೇ,

ಮ್ಯೂಸಿಯಂನಲ್ಲಿರೋದನ್ನೆಲ್ಲ ಡಿಜಿಟಲ್ ಮಾಡ್ತಾರೆ, ಇನ್ಮೇಲೆ ಮನೇಲೇ ಕೂತು ಮೊಬೈಲಲ್ಲಿ ನೋಡಬಹುದು ಅಂತ ಪೇಪರಲ್ಲಿ ಆಗಾಗ ಓದ್ತಿರ್ತೀನಿ. ಮಾಡ್ಲಿ, ಸಂತೋಷನೇ. ನಾನು ಚಾಮರಾಜಪೇಟೇಲಿ 25 ವರ್ಷದಿಂದ ಡಿಟಿಪಿ ಅಂಗಡಿ ಇಟ್ಕೊಂಡಿರೋನು, ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಥೀಸಿಸ್ಸು, ಎಲೆಕ್ಷನ್ ಕರಪತ್ರ ಎಲ್ಲಾ ಈ ಕೈಲೇ ಟೈಪ್ ಆಗಿದೆ, ಹಾಗಾಗಿ ಮ್ಯೂಸಿಯಂ ಬಗ್ಗೆ ಮಾತಾಡೋಕೆ ನಾನ್ಯಾರು ಅಂತ ಕೇಳಿದ್ರೆ ಉತ್ತರ ಇಲ್ಲ. ಆದ್ರೂ ಒಂದು ವಿಷಯ ಹೇಳಲೇಬೇಕು.

2003ರಲ್ಲಿ ಒಂದು ಸಂಗ್ರಹಾಲಯದವರು ನನ್ನ ಹತ್ರ ಒಂದು ರಿಜಿಸ್ಟರ್ ತಂದಿದ್ರು. ಹೆಸರು ಬೇಡ ಬಿಡಿ. ಕೆಂಪು ರಟ್ಟಿನ ದಪ್ಪ ಪುಸ್ತಕ, ಅಲ್ಲಿ ಮೊದಲು ಇದ್ದ ಹಿರಿಯರೊಬ್ಬರು ಇಂಕ್ ಪೆನ್ನಲ್ಲಿ ಬರೆದಿದ್ದು. ಯಾವ ವಸ್ತು, ಎಲ್ಲಿ ಸಿಕ್ತು, ಕೊಟ್ಟೋರು ಯಾರು, ಸ್ಥಿತಿ ಹೇಗಿದೆ, ಎಲ್ಲಾ ಕಾಲಂ ಕಾಲಂ. ಒಂದು ಎಂಟ್ರಿ ಇನ್ನೂ ನೆನಪಿದೆ: ಅಡಕೆ ಕತ್ತರಿ, ಹಿತ್ತಾಳೆ, ನವಿಲಿನ ಆಕಾರ, ಎಡಗಣ್ಣಿನ ಹರಳು ಇಲ್ಲ. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ, ಅತ್ತೆಯಿಂದ ಬಂದದ್ದು, ಹರಳು ಮೊಮ್ಮಗ ಕಿತ್ತದ್ದು ಎಂದು ಕೊಟ್ಟವರು ಹೇಳಿದರು. ಟೈಪ್ ಮಾಡ್ತಾ ಮಾಡ್ತಾ ಒಬ್ನೇ ನಕ್ಕಿದ್ದೆ.

ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ, ಸಿಡಿಗೆ ಬರ್ನ್ ಮಾಡಿ ಕೊಟ್ಟೆ. ಮುಗೀತು ಅಂತ ನಾನೂ ಮರೆತೆ ಅವರೂ ಮರೆತ್ರು.

ಹೋದ ವರ್ಷ ಅಲ್ಲಿಂದ ಒಬ್ಬ ಹುಡುಗ ಅದೇ ಸಿಡಿ ಹಿಡ್ಕೊಂಡು ಬಂದ. ಸಾರ್, ವೆಬ್‌ಸೈಟಿಗೆ ಹಾಕಬೇಕು, ಓಪನ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರ, ಏನೇನೋ ಚಿಹ್ನೆ ಬರ್ತಿದೆ ಅಂದ. ಡಿಟಿಪಿ ಮಾಡೋರಿಗೆಲ್ಲ ಇದು ಗೊತ್ತಿರೋ ಕಥೆನೇ. ಆಗಿನ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸ್ತಿದ್ರು, ಕಂಪ್ಯೂಟರ್ ಪಾಲಿಗೆ ಅದು ಕನ್ನಡನೇ ಅಲ್ಲ, ಆ ಫಾಂಟ್ ಇಲ್ಲಾಂದ್ರೆ ಕನ್ನಡ ಕಾಣ್ಸಲ್ಲ, ಸರ್ಚ್ ಕೊಟ್ರೂ ಸಿಗಲ್ಲ. ಕನ್ನಡ ಅಕ್ಷರಗಳಿಗೆ ಅವುಗಳದ್ದೇ ಸಂಕೇತ ಕೊಡೋ ಯೂನಿಕೋಡ್ ಬಂದ ಮೇಲೆ ಆ ತೊಂದರೆ ಹೋಯ್ತು, ಆದ್ರೆ ಹಳೇ ಫೈಲುಗಳು ತಾವಾಗೇ ಯೂನಿಕೋಡ್ ಆಗಲ್ಲ. ಕನ್ವರ್ಟರ್ ಇವೆ, ಆದ್ರೂ ಅರ್ಕಾವತ್ತು, ಒತ್ತಕ್ಷರ ಎಲ್ಲಿ ಹೋಗಿ ಕೂತಿರುತ್ತೋ ಕಣ್ಣಿಟ್ಟು ನೋಡ್ಬೇಕು.

ಅದಕ್ಕೇನಂತೆ, ಮೂಲ ರಿಜಿಸ್ಟರ್ ತಗೊಂಡ್ಬಾ ಪಕ್ಕದಲ್ಲಿಟ್ಕೊಂಡು ತಾಳೆ ನೋಡೋಣ ಅಂದೆ. ಅದಿಲ್ಲ ಸಾರ್ ಅಂದ. ಕಂಪ್ಯೂಟರಿಗೆ ಹಾಕಿದ್ದಾಯ್ತಲ್ಲ ಅಂತ ಯಾವಾಗ್ಲೋ ರೂಮು ಖಾಲಿ ಮಾಡುವಾಗ ರದ್ದಿಗೆ ಕೊಟ್ಬಿಟ್ಟಿದ್ರಂತೆ! ಸಿಡಿ ಬೇರೆ ಗೀರು ಬಿದ್ದು ಅರ್ಧ ಓದ್ತು ಅರ್ಧ ಓದಲಿಲ್ಲ. ಅಡಕೆ ಕತ್ತರಿದು ಸಿಗದ ಅರ್ಧದಲ್ಲಿತ್ತು. ಈಗ ಅವರ ವೆಬ್‌ಸೈಟಲ್ಲಿ ಅದರ ಫೋಟೋ ಬಹಳ ಚೆನ್ನಾಗಿದೆ, ಝೂಮ್ ಮಾಡಿದ್ರೆ ಹರಳಿಲ್ಲದ ಕಣ್ಣಿನ ಗುಳಿಯೊಳಗಿನ ಕಿಲುಬೂ ಕಾಣುತ್ತೆ, ಕೆಳಗೆ ಮಾತ್ರ ಅಡಕೆ ಕತ್ತರಿ ಅಂತಷ್ಟೇ ಇದೆ. ಅತ್ತೆನೂ ಇಲ್ಲ ಮೊಮ್ಮಗನೂ ಇಲ್ಲ.

ನಾನು ಟೆಕ್ನಾಲಜಿ ವಿರೋಧಿ ಅಂದ್ಕೋಬೇಡಿ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ನೋಡಿ, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಇತಿಹಾಸ ಸಂಶೋಧನೆ ಮಾಡೋ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ ಒಂದೊಂದಾಗಿ ತ್ರೀಡಿ ಸ್ಕ್ಯಾನ್ ಮಾಡ್ತಿದಾರಲ್ಲ, ಅದರಲ್ಲಿ ಇದೂ ಆಗಿದೆ. ಸವೆದ ಕಲ್ಲನ್ನ ಮಟಮಟ ಮಧ್ಯಾಹ್ನ ನೋಡಿದ್ರೆ ಬರೀ ಕಲ್ಲು. ಸ್ಕ್ಯಾನ್ ಆದ್ಮೇಲೆ ಕಂಪ್ಯೂಟರಲ್ಲಿ ಬೆಳಕನ್ನ ಪಕ್ಕದಿಂದ, ಕೆಳಗಿಂದ ಹೇಗೆ ಬೇಕೋ ಹಾಗೆ ಬಿಡಬಹುದು, ಆಗ ಅಕ್ಷರದ ತಗ್ಗಿನಲ್ಲಿ ನೆರಳು ಕೂತು ಸಾಲು ಎದ್ದು ಕಾಣುತ್ತೆ. ಇದು ನಿಜವಾದ ಕೆಲಸ. ಯಾಕಂದ್ರೆ ಹಳೇ ಶಾಸನಗಳನ್ನ ಹುಡುಕಿ ಓದಿದ ಬಿ.ಎಲ್. ರೈಸ್ ಸಾಹೇಬರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕ ಅನ್ನೋ ಶಾಸನಗಳ ಪುಸ್ತಕಮಾಲೆಯ ಬೆಂಗಳೂರು ಜಿಲ್ಲೆ ಸಂಪುಟದಲ್ಲಿ ಅಚ್ಚು ಹಾಕಿಸಿದ ಎಷ್ಟೋ ಶಾಸನಗಳ ಕಲ್ಲು ಈಗ ಹುಡುಕಿದ್ರೂ ಸಿಗಲ್ಲ, ರಸ್ತೆಗೆ ಹೋಯ್ತೋ ಸೈಟಿಗೆ ಹೋಯ್ತೋ. ಅವುಗಳಲ್ಲಿ ಏನಿತ್ತು ಅಂತ ಇವತ್ತು ಓದೋಕಾಗ್ತಿದೆ ಅಂದ್ರೆ ಅದು ಆ ಪುಸ್ತಕದಿಂದ, ಹಳೇ ಪೇಪರಿಂದ.

ಬ್ರೆಜಿಲ್ ದೇಶದ ರಿಯೋ ಊರಲ್ಲಿ 2018ರ ಸೆಪ್ಟೆಂಬರ್ 2ಕ್ಕೆ ಅವರ ನ್ಯಾಷನಲ್ ಮ್ಯೂಸಿಯಂ ಸುಟ್ಟೋಯ್ತು. 2 ಕೋಟಿ ವಸ್ತು ಇದ್ದ ಸಂಗ್ರಹ, ಬಹುಪಾಲು ಬೂದಿ. ಆಮೇಲೆ ಅಲ್ಲಿನ ವಿದ್ಯಾರ್ಥಿಗಳು ನೀವು ಯಾವತ್ತಾದ್ರೂ ಒಳಗೆ ತೆಗೆದ ಫೋಟೋ ಇದ್ರೆ ಕಳ್ಸಿ ಅಂತ ಜನರ ಹತ್ರ ಕೇಳಿದ್ರು. ನಮ್ಮಲ್ಲಿ ಕೆಲವು ಕಡೆ ಇನ್ನೂ ಮೊಬೈಲ್ ಎತ್ತಿದ್ರೆ ಸಾಕು ಸೆಕ್ಯುರಿಟಿಯವರು ಓಡಿ ಬರ್ತಾರೆ. ತಾಳೆಗರಿ, ಬಣ್ಣದ ಚಿತ್ರದ ಮೇಲೆ ಫ್ಲಾಶ್ ಬೇಡ ಅಂದ್ರೆ ಒಪ್ಕೋತೀನಿ, ಸಾವಿರ ವರ್ಷ ಬಿಸಿಲು ಮಳೆ ತಿಂದ ಕಲ್ಲಿಗೆ ನನ್ನ ಮೊಬೈಲಿಂದ ಏನಾಗುತ್ತೆ ಸ್ವಾಮಿ?

ಕ್ಯೂಆರ್ ಕೋಡ್ ಬಗ್ಗೆ ಜಾಸ್ತಿ ಹೇಳಲ್ಲ. ಇನ್ನೊಂದು ಕಡೆ ಮಗಳ ಜೊತೆ ಹೋಗಿದ್ದೆ, ಬೋರ್ಡಿನ ಬದಲು ಕ್ಯೂಆರ್ ಅಂಟಿಸಿದ್ರು, ಮೂರು ಸ್ಕ್ಯಾನ್ ಮಾಡಿದ್ವಿ, ಮೂರೂ ಪೇಜ್ ಇಲ್ಲ ಅಂತ ಬಂತು. ಬೋರ್ಡ್ ಆದ್ರೆ ಧೂಳು ಒರೆಸಿದ್ರೆ ಓದಬಹುದಿತ್ತು.

ಸ್ಕ್ಯಾನರ್ ತರೋಕೆ ದುಡ್ಡು ಸಿಗುತ್ತೆ, ಉದ್ಘಾಟನೆಗೆ ಫೋಟೋನೂ ಚೆನ್ನಾಗಿ ಬರುತ್ತೆ. ವರ್ಷಾವರ್ಷ ಫೈಲ್ ತೆಗೆದು ಓದಕ್ಕಾಗುತ್ತಾ ನೋಡೋನಿಗೆ, ಲಿಂಕ್ ಸರಿ ಮಾಡೋನಿಗೆ, ಹಳೇ ರಿಜಿಸ್ಟರ್ ಓದಿ ಕನ್ನಡದಲ್ಲಿ ವಿವರ ಟೈಪ್ ಮಾಡೋನಿಗೆ ಸಂಬಳ ಅಂದ್ರೆ ಬಜೆಟ್ ಇಲ್ಲ. ಕೇಂದ್ರದ ಮ್ಯೂಸಿಯಂಗಳಿಗೆ ಸರ್ಕಾರದ್ದೇ ಕಂಪ್ಯೂಟರ್ ಸಂಸ್ಥೆ ಸಿಡ್ಯಾಕ್‌ನವರು ಮಾಡಿಕೊಟ್ಟಿರೋ ಸಾಫ್ಟ್‌ವೇರ್ ಹೆಸರು ಜತನ್ ಅಂತೆ. ನಮ್ಮಜ್ಜಿ ಮದುವೆಮನೇಲಿ ಒಡವೆ ಡಬ್ಬಿ ಕೈಗೆ ಕೊಡುವಾಗ ಜತನ ಕಣೋ ಅಂತಿದ್ರು, ಅದು ನೆನಪಾಯ್ತು. ಆದ್ರೆ ಸಾಫ್ಟ್‌ವೇರಲ್ಲಿ ಕಾಲಂ ಇದ್ರೆ ಸಾಲದು, ಅದರೊಳಗೆ ತುಂಬಿಸೋಕೆ ಯಾರೋ ಒಬ್ರು ಕೂತು ಬರೆದಿರಬೇಕಲ್ವಾ. ಸಂಬಂಧಪಟ್ಟೋರು ಸ್ಕ್ಯಾನ್ ಮಾಡೋದಾದ್ರೆ ಮೊದಲು ಆ ರಿಜಿಸ್ಟರನ್ನೇ ಸ್ಕ್ಯಾನ್ ಮಾಡಿ, ಯೂನಿಕೋಡಲ್ಲಿ ಟೈಪ್ ಮಾಡ್ಸಿ, ಎರಡು ಮೂರು ಕಡೆ ಕಾಪಿ ಇಡಿ, ಆಮೇಲೂ ಪುಸ್ತಕ ಬೀರುವಿನಲ್ಲೇ ಇರ್ಲಿ.

ಕೊನೇದಾಗಿ, ಓದುಗರಲ್ಲಿ ಯಾರ ಹತ್ರನಾದ್ರೂ ಇಂಥ ಹಳೇ ಸಿಡಿ, ಫ್ಲಾಪಿ ಇದ್ರೆ ಎಸೀಬೇಡಿ. ನನ್ನ ಅಂಗಡಿಯ ಅಟ್ಟದ ಮೇಲೆ ವಿಂಡೋಸ್ ಎಕ್ಸ್‌ಪಿ ಇರೋ ಹಳೇ ಸಿಸ್ಟಮ್ ಇನ್ನೂ ಆನ್ ಆಗುತ್ತೆ, ಫ್ಲಾಪಿ ಡ್ರೈವೂ ಇದೆ, ಆಗಿನ ಫಾಂಟ್‌ಗಳೂ ಇವೆ. ವಿಳಾಸ ನಿಮ್ಮ ಆಫೀಸಿಗೆ ಕೊಟ್ಟಿದೀನಿ. ಕನ್ನಡದ್ದಾದ್ರೆ ದುಡ್ಡು ತಗೊಳಲ್ಲ, ಮಧ್ಯಾಹ್ನ ಎರಡರಿಂದ ಮೂರು ಮಾತ್ರ ಊಟಕ್ಕೆ ಬಾಗಿಲು ಹಾಕಿರ್ತೀನಿ.

ಇಂತಿ,
ಒಬ್ಬ ಡಿಟಿಪಿ ಆಪರೇಟರ್
ಚಾಮರಾಜಪೇಟೆ, ಬೆಂಗಳೂರು