ಲಕ್ಷದ್ವೀಪದ ಪರವಾನಗಿ ‘ಕಿರಿಕಿರಿ’ಯಲ್ಲ

ಮಾನ್ಯ ಸಂಪಾದಕರೆ,

ಕಳೆದ ವಾರದ ಪ್ರವಾಸ ಪುರವಣಿಯಲ್ಲಿ ಪ್ರಕಟವಾದ ಲಕ್ಷದ್ವೀಪದ ಲೇಖನ ಓದಲು ಸೊಗಸಾಗಿತ್ತು. ಆದರೆ ಅಲ್ಲಿಗೆ ಹೋಗುವ ಮುನ್ನ ಪಡೆಯಬೇಕಾದ ಪ್ರವೇಶ ಪರವಾನಗಿಯನ್ನು ಲೇಖಕರು ‘ಕಿರಿಕಿರಿ’ ಎಂದು ಕರೆದು, ಅದನ್ನು ತೆಗೆದುಹಾಕಿದರೆ ಪ್ರವಾಸೋದ್ಯಮ ಬೆಳೆಯುತ್ತದೆ ಎಂದು ಬರೆದಿರುವುದನ್ನು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದ ತಪ್ಪಲಿನಲ್ಲಿ ಬದುಕುವ ನನ್ನಂಥವರು ಒಪ್ಪುವುದು ಕಷ್ಟ.

ಲಕ್ಷದ್ವೀಪದ 36 ದ್ವೀಪಗಳನ್ನು ಒಟ್ಟುಗೂಡಿಸಿದರೂ ನೆಲದ ವಿಸ್ತಾರ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಜನವಸತಿ ಇರುವುದು ಹತ್ತರಲ್ಲಿ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 64 ಸಾವಿರ ದಾಟಿತ್ತು. ಹೊಳೆಯಿಲ್ಲ, ಹಳ್ಳವಿಲ್ಲ. ಹವಳದ ಮರಳಿನಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿನಿಂತ ಮಳೆನೀರೇ ಅವರ ಬಾವಿಗಳ ಆಧಾರವಾಗಿದ್ದು, ಅದನ್ನು ಅಳತೆ ಮೀರಿ ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಸಮುದ್ರದ ನೀರನ್ನೇ ಸಿಹಿನೀರಾಗಿಸುವ ಘಟಕವನ್ನು 2005ರಲ್ಲಿ ದ್ವೀಪಗಳ ರಾಜಧಾನಿ ಕವರತ್ತಿಯಲ್ಲಿ ಸ್ಥಾಪಿಸಬೇಕಾಗಿ ಬಂದದ್ದು ಈ ಕೊರತೆಯಿಂದಲೇ. ಪ್ರವಾಸಿಗರು ಹೆಚ್ಚಿದಷ್ಟೂ ಸ್ನಾನಕ್ಕೆ, ಬಟ್ಟೆ ಒಗೆಯಲಿಕ್ಕೆ ಬೇಕಾಗುವ ನೀರೂ ದ್ವೀಪದ ಈ ಅಲ್ಪ ಮೂಲಗಳಿಂದಲೇ ಬರಬೇಕು.

ಲೇಖಕರು ಮನಸಾರೆ ಹೊಗಳಿರುವ ಆ ತಿಳಿನೀಲಿ ಲಗೂನಿನ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ಕಡಲಿನ) ವಿಷಯವೂ ಹೀಗೆಯೇ. ಹೊರಗಿನ ಅಲೆಗಳ ಹೊಡೆತವನ್ನು ಹವಳದ ದಿಬ್ಬ ತಡೆಯುವುದರಿಂದಲೇ ಒಳಗಿನ ನೀರು ಶಾಂತವಾಗಿದ್ದು, ಈಜು ಬಾರದವರೂ ಎದೆಮಟ್ಟದ ನೀರಿನಲ್ಲಿ ನೆಮ್ಮದಿಯಾಗಿ ನಿಲ್ಲಬಹುದು. ಸಮುದ್ರದ ಬಿಸಿ ಏರಿದ್ದರಿಂದ 1998, 2010 ಮತ್ತು 2016ರಲ್ಲಿ ಅಲ್ಲಿನ ಹವಳಗಳು ಬಣ್ಣಗೆಟ್ಟು ಬಿಳಿಚಿಕೊಂಡಿದ್ದವು. ಮೊದಲೇ ಬಳಲಿರುವ ಹವಳದ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವವರ ಸಂಖ್ಯೆಗೆ ಒಂದು ಮಿತಿ ಇರುವುದೇ ಒಳ್ಳೆಯದು.

ಮಿತಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಚಿಕ್ಕಮಗಳೂರಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸಾಲುರಜೆ ಬಂತೆಂದರೆ ಗಿರಿಯ ದಾರಿಯಲ್ಲಿರುವ ಕೈಮರದಿಂದ ಮೇಲಕ್ಕೆ ವಾಹನಗಳು ಸಾಲುಗಟ್ಟುತ್ತವೆ. ಮುಳ್ಳಯ್ಯನಗಿರಿಯ ಹುಲ್ಲುಗಾವಲಿನಲ್ಲಿ ಪ್ಲಾಸ್ಟಿಕ್ ಬಾಟಲಿ ಹೆಕ್ಕುವ ಕೆಲಸ ಊರಿನ ಹುಡುಗರ ಪಾಲಿಗೆ ಬರುತ್ತದೆ. ಗಿರಿಗೆ ಬರುವ ವಾಹನಗಳಿಗೆ ಕಡಿವಾಣ ಹಾಕಿ ಎಂದು ಒತ್ತಾಯಿಸುವ ನಾವೇ ರಜೆಗೆ ಹೊರಟಾಗ ಇನ್ನೊಬ್ಬರ ಊರಿನ ಕಡಿವಾಣಕ್ಕೆ ಗೊಣಗುವುದು ನ್ಯಾಯವಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ತೆಂಗಿನ ನಾರಿನ ಹಗ್ಗ ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದ ಕಾಲವೂ ಇತ್ತು. ಅಷ್ಟು ಹಳೆಯ ನೆರೆಯವರ ಮನೆಗೆ ಹೇಳಿಕೇಳಿ ಹೋಗುವುದರಲ್ಲಿ ನಮಗೇನೂ ಕುಂದಿಲ್ಲ.

ಇನ್ನೊಂದು ಮಾತು. ಕಾಫಿ ಕೊಯ್ಲು, ಗಿಡ ಹೂಬಿಡಲು ಬೇಕಾದ ಹೂಮಳೆ, ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸುವುದು ಎಲ್ಲ ಮುಗಿದು ಬೆಳೆಗಾರರ ಕುಟುಂಬಗಳಿಗೆ ಬಿಡುವಾಗುವುದು ಏಪ್ರಿಲ್ ಕಳೆದ ಮೇಲೆಯೇ. ನಮ್ಮ ಕಡೆಯ ಕೆಲವು ಪ್ರವಾಸ ಏಜೆನ್ಸಿಗಳು ಈ ಬಿಡುವನ್ನು ನೋಡಿಕೊಂಡು ಮೇ ಕೊನೆಯ ವಾರಕ್ಕೆ ದ್ವೀಪದ ಪ್ಯಾಕೇಜುಗಳನ್ನು ಮಾರುತ್ತಿವೆ. ಅರಬ್ಬೀ ಸಮುದ್ರ ಕದಡುವ ಹೊತ್ತದು. ದೋಣಿ, ಹಡಗುಗಳ ಸಂಚಾರ ಏರುಪೇರಾದರೆ ವಿಶ್ರಾಂತಿಗೆಂದು ಹೋದವರು ಕೋಣೆಯೊಳಗೆ ಕುಳಿತು ಮಳೆ ನೋಡಬೇಕಾದೀತು. ಮಳೆ ನೋಡಲು ಮಲೆನಾಡಿನವರು ಅಷ್ಟು ದೂರ ಹೋಗಬೇಕೇ?

ಆದ್ದರಿಂದ ಪುರವಣಿಯಲ್ಲಿ ಇನ್ನು ಮುಂದೆ ಇಂಥ ತಾಣಗಳ ಬಗ್ಗೆ ಬರೆಯುವಾಗ ಪರವಾನಗಿ ಪಡೆಯುವ ಕ್ರಮ, ಪ್ರವಾಸಿಗರಿಗೆ ತೆರೆದಿರುವ ದ್ವೀಪಗಳ ಹೆಸರು, ಕೊಚ್ಚಿಯಿಂದ ಹೊರಡುವ ಹಡಗಿನ ವಿವರ ಮತ್ತು ಸಮುದ್ರ ಶಾಂತವಾಗಿರುವ ತಿಂಗಳುಗಳನ್ನು ಚಿತ್ರಗಳ ಜೊತೆಗೇ ಪ್ರಕಟಿಸಬೇಕೆಂದು ಕೋರುತ್ತೇನೆ. ಹವಳದ ತುಂಡನ್ನು ನೆನಪಿಗೆಂದು ತರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನೂ ಅದೇ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿದರೆ ಅನುಕೂಲ.

ಇತಿ,
ಕಾಫಿ ಬೆಳೆಗಾರ, ಚಿಕ್ಕಮಗಳೂರು